ಮೈಲುತುತ್ತು ಸುಣ್ಣದ ಹದ



ಮೃಗಶಿರಾ ಮಳೆ ಹಿಡಿಯುವುದಕ್ಕೆ ಹದಿನೈದು ದಿವಸ ಮೊದಲು ನಮ್ಮ ಸಂಘದ ಕಾರ್ಯಾಲಯದಲ್ಲಿ ಕೇಳಿಬರುವ ಪ್ರಶ್ನೆ ಒಂದೇ. "ಈ ಸರ್ತಿ ಮೈಲುತುತ್ ಎಷ್ಟ್ ಹಾಕುದ್ ಮರ್ರೆ?" ಸುಣ್ಣ ಎಷ್ಟು, ಯಾವ ಸುಣ್ಣ, ಯಾವ ದಿನ ಮದ್ದು ಬಿಡಬೇಕು ಎಂದು ಕೇಳುವವರು ಹತ್ತಕ್ಕೆ ಒಬ್ಬರು. ಮೈಲುತುತ್ತೇ ಮದ್ದು, ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಂಡು ಬರುವ ಸರಂಜಾಮು ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಈ ಭಾವನೆಯಿಂದ ನಾನೇ ಒಂದು ವರ್ಷದ ಫಸಲು ಕಳೆದುಕೊಂಡವನಾದ್ದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಸಿದ್ದಾಪುರದ ಆಸುಪಾಸಿನ ತೋಟಗಳ ಸ್ಥಿತಿ ನಿಮಗೆ ತಿಳಿದದ್ದೇ. ಬೆನ್ನಿಗೆ ಬಾಳೆಬರೆ ಘಾಟಿ, ಮಗ್ಗುಲಲ್ಲಿ ವಾರಾಹಿ. ಘಟ್ಟದ ನೆತ್ತಿಗೆ ಬೀಳುವ ಮಳೆಯ ಪಾಲು ನಮಗೂ ತಪ್ಪದು. ಎರಡು ದಿನ ಧೋ ಎಂದು ಹೊಯ್ದು, ಮೂರನೆಯ ದಿನ ಬಿಸಿಲು ಬಿದ್ದು, ಮತ್ತೆ ಮೋಡ ಕವಿದರೆ ಕೊಳೆರೋಗಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಬೇರಿಲ್ಲ. ಫೈಟಾಫ್ತರಾ ಎಂಬ ಶಿಲೀಂಧ್ರದಂಥ ಜೀವಿಯ ಬೀಜಾಣುಗಳು ನೀರಿನ ಪದರದಲ್ಲಿ ಈಜಿಕೊಂಡು ಕಾಯಿಯಿಂದ ಕಾಯಿಗೆ ಹೋಗುತ್ತವೆ. 2018ರ ಮಳೆಗಾಲದಲ್ಲಿ ಕರಾವಳಿಯಲ್ಲೂ ಮಲೆನಾಡಿನಲ್ಲೂ ಎಳೆಕಾಯಿ ಉದುರಿ ಮರದ ಬುಡವೆಲ್ಲ ಹಸಿರು ಹಾಸಿದಂತೆ ಆದದ್ದನ್ನು ಯಾರೂ ಮರೆತಿರಲಾರರು.

ನನ್ನ ಕಥೆ ಅದಕ್ಕೂ ಹಿಂದಿನದು. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವನೆಂಬ ಸಣ್ಣ ಜಂಬ ಇದ್ದ ಕಾಲ. ಆ ವರ್ಷ ಮರ ಹತ್ತುವ ಆಳು ಸಿಗದೆ ಮೊದಲ ಮದ್ದು ಆರಿದ್ರಾ ಮಳೆಗೆ ಜಾರಿತು. ಪುನರ್ವಸುವಿನಲ್ಲಿ ಕಾಯಿ ಬೀಳತೊಡಗಿತು. ಮದ್ದಿಗೆ ಬಲ ಸಾಲದೆಂದು ತೀರ್ಮಾನಿಸಿ, 200 ಲೀಟರಿನ ಡ್ರಮ್ಮಿಗೆ 2 ಕಿಲೋ ಹಾಕುತ್ತಿದ್ದ ಮೈಲುತುತ್ತನ್ನು 3 ಕಿಲೋಗೆ ಏರಿಸಿದೆ. ಸುಣ್ಣ ಮಾತ್ರ ಅದೇ 2 ಕಿಲೋ. ಅದೂ ಹಿಂದಿನ ವರ್ಷ ಬಾಯಿ ಬಿಚ್ಚಿ ಕೊಟ್ಟಿಗೆಯಲ್ಲಿಟ್ಟಿದ್ದ ಮೂಟೆಯದು. ಸಂಜೆ ಮರದಿಂದಿಳಿದ ಆಳು ಡ್ರಮ್ಮಿನಲ್ಲಿ ಅದ್ದಿದ ತನ್ನ ಕತ್ತಿ ತೋರಿಸಿ, "ಅಯ್ಯಾ, ಕತ್ತಿ ಕೆಂಪಾಯ್ತ್ ಕಾಣಿ" ಎಂದ. ಕಬ್ಬಿಣದ ಮೇಲೆ ತಾಮ್ರ ಕೂತಿತ್ತು. ಅಂದರೆ ಸುಣ್ಣ ಸಾಲದೆ ದ್ರಾವಣ ಹುಳಿಯಾಗಿಯೇ ಉಳಿದಿತ್ತು. ಅಷ್ಟರಲ್ಲಿ ಅರ್ಧ ತೋಟಕ್ಕೆ ಮದ್ದು ಬಿಟ್ಟಾಗಿತ್ತು. ರೋಗದಿಂದ ಉಳಿದ ಎಳೆಕಾಯಿಗಳನ್ನು ನಾನೇ ಸುಟ್ಟೆ.

ಆ ವರ್ಷ ತಪ್ಪಿದ್ದು ಎರಡು: ಮದ್ದು ಬಿಟ್ಟ ದಿನ ಮತ್ತು ಸುಣ್ಣದ ಗುಣ. ನಾನು ಬದಲಿಸಿದ್ದು ಮೂರನೆಯದನ್ನು, ತಪ್ಪೇ ಇಲ್ಲದಿದ್ದ ಮೈಲುತುತ್ತಿನ ಪ್ರಮಾಣವನ್ನು. ಕಾರ್ಖಾನೆ, ಪ್ರಯೋಗಶಾಲೆಗಳಲ್ಲಿ ಒಂದು ಕೆಲಸದ ಉತ್ತಮ ಹದ ಹುಡುಕುವ ಶಾಸ್ತ್ರವೇ ಬೆಳೆದಿದೆ. ಎಷ್ಟು ಬಿಸಿ, ಎಷ್ಟು ಹೊತ್ತು, ಯಾವ ವಸ್ತು ಎಷ್ಟು ಎಂಬುದನ್ನೆಲ್ಲ ಒಟ್ಟಿಗೆ ಹೊಂದಿಸಿ, ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಜಾಗ ಕಂಡುಹಿಡಿಯುವುದು ಅದರ ಉದ್ದೇಶ. ಬೆಲ್ಲದ ಪಾಕ ತೆಗೆಯುವವರಿಗೆ ಇದೇನೂ ಹೊಸ ಸಂಗತಿಯಲ್ಲ. ನಮ್ಮ ಬೋರ್ಡೋ ದ್ರಾವಣವೂ ಇಂಥ ಹುಡುಕಾಟದಿಂದಲೇ ಬಂದದ್ದು.

ಅದರ ಹುಟ್ಟು ಸ್ವಾರಸ್ಯವಾಗಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕಿತ್ತು ತಿನ್ನುತ್ತಾರೆಂದು, ನೋಡಿದರೆ ವಿಷದಂತೆ ಕಾಣಲಿ ಎಂದು ತೋಟದವರು ಮೈಲುತುತ್ತು ಸುಣ್ಣ ಕಲಸಿ ಬಳ್ಳಿಗೆ ಎರಚುತ್ತಿದ್ದರು. 1882ರ ಶರತ್ಕಾಲದಲ್ಲಿ ಆ ಹಾದಿಯಲ್ಲಿ ಬಂದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ, ರಸ್ತೆ ಬದಿಯ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿರುವುದನ್ನೂ ಒಳಗಿನವು ಬೂಜುರೋಗಕ್ಕೆ ಬೋಳಾಗಿರುವುದನ್ನೂ ಕಂಡರು. ಕಳ್ಳರಿಗೆಂದು ಇಟ್ಟ ಬೆದರುಬೊಂಬೆ ರೋಗಕ್ಕೆ ಮದ್ದಾಯಿತು!

ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಪಾಕ ಇದು: 100 ಲೀಟರು ನೀರಿಗೆ 8 ಕಿಲೋ ಮೈಲುತುತ್ತು, ಬೇರೆ 30 ಲೀಟರು ನೀರಿಗೆ 15 ಕಿಲೋ ಸುಣ್ಣ. ಗಂಜಿಯಂತಹ ಅದನ್ನು ಪೊರಕೆಯಲ್ಲಿ ಎರಚಬೇಕೇ ಹೊರತು ಪಂಪಿನಲ್ಲಿ ಬಿಡುವಂತಿರಲಿಲ್ಲ. ಮುಂದೆ ಪ್ರಯೋಗ ನಡೆದಂತೆಲ್ಲ ಪ್ರಮಾಣ ಇಳಿಯುತ್ತ ಬಂತು. ನಾವು ಇಂದು ಅಡಿಕೆಗೆ ಬಳಸುವುದು 100 ಲೀಟರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೊದಲಿನ ಪಾಕಕ್ಕೆ ಹೋಲಿಸಿದರೆ ಮೈಲುತುತ್ತು ಆರನೆಯ ಒಂದು ಪಾಲಿಗೆ ಬಂದಿದೆ. ಆದರೂ ಕೆಲಸ ಮಾಡುತ್ತದೆ. 'ಬಲ ಸಾಲದು, ಇನ್ನಷ್ಟು ಹಾಕು' ಎನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಇನ್ನು ಸುಣ್ಣದ ವಿಚಾರ. ರಸಾಯನಶಾಸ್ತ್ರದ ಲೆಕ್ಕದಂತೆ 1 ಕಿಲೋ ಮೈಲುತುತ್ತಿನ ಹುಳಿ ಮುರಿಯಲು ಶುದ್ಧ ಸುಟ್ಟ ಸುಣ್ಣ ಕಾಲು ಕಿಲೋ ಸಾಕು. ಮತ್ತೆ 1 ಕಿಲೋ ಏಕೆ? ನಾವು ತರುವ ಸುಣ್ಣ ಶುದ್ಧವಲ್ಲ. ಚಿಪ್ಪಿನ ಸುಣ್ಣವಾದರೆ ಗೂಡಿನಲ್ಲಿ ಸರಿಯಾಗಿ ಬೆಂದಿರಬೇಕು. ಮೂಟೆ ತೆರೆದಿಟ್ಟರೆ ಗಾಳಿ ಕುಡಿದು ಮತ್ತೆ ಕಲ್ಲಿನ ಪುಡಿಯೇ ಆಗುತ್ತದೆ. ಹೆಚ್ಚುವರಿ ಸುಣ್ಣ ಕಾಯಿಯ ಸಿಪ್ಪೆ ಸುಡದಂತೆ ಕಾಯುತ್ತದೆ. ಆದರೆ ಅದಕ್ಕೂ ಮಿತಿಯುಂಟು. ಸುಣ್ಣ ಮಿತಿಮೀರಿದರೆ ತಾಮ್ರ ಬೇಗ ಬಿಟ್ಟುಕೊಡುವುದಿಲ್ಲ, ಪಂಪಿನ ಮೂತಿಯೂ ಕಟ್ಟುತ್ತದೆ. ಕಾಲು ಕಿಲೋಗೂ ಅತಿಗೂ ನಡುವೆ ಸುಣ್ಣ ಸ್ವಲ್ಪ ಹೆಚ್ಚು ಕಡಿಮೆಯಾದರೂ ನಡೆಯುವ ವಿಶಾಲವಾದ ಜಾಗವಿದೆ. 1 ಕಿಲೋ ಎಂಬ ಲೆಕ್ಕ ಕೂತಿರುವುದು ಅಲ್ಲಿ.

ಈ ಒಂದು ಸಂಗತಿಯನ್ನು ದಯವಿಟ್ಟು ಗಮನಿಸಬೇಕು. ಹದಗಳಲ್ಲಿ ಎರಡು ಜಾತಿ. ಒಂದು ಗುಡ್ಡದ ಚೂಪು ತುದಿಯಂತೆ; ಮೇಲೆ ನಿಂತರೆ ಸರಿ, ಕಾಲು ಒಂದು ಗೇಣು ಜಾರಿದರೆ ಕೆಳಗೆ. ಇನ್ನೊಂದು ಗುಡ್ಡದ ಮೇಲಿನ ಹಾಡಿಯಂತೆ. ಎರಡು ಹೆಜ್ಜೆ ಆಚೀಚೆಯಾದರೂ ಎತ್ತರದಲ್ಲೇ ಇರುತ್ತೀರಿ. ಪ್ರಯೋಗಶಾಲೆಯಲ್ಲಿ ತಕ್ಕಡಿ ಉಂಟು, ಶುದ್ಧ ಸಾಮಾನು ಉಂಟು, ಅಲ್ಲಿ ತುದಿಯ ಮೇಲೆ ನಿಲ್ಲಬಹುದು. ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ, ಕೆಸರಿನಲ್ಲಿ ನಿಂತು, ಡಬ್ಬಿಯಲ್ಲಿ ಅಳೆದು ಕಲಸುವ ನಮಗೆ ಹಾಡಿಯೇ ಬೇಕು. ಆ ವರ್ಷ ನಾನು ಹಾಡಿಯಿಂದ ಹೊರಗೆ ನಡೆದು ಜಾರಿದೆ.

ಫ್ರಾನ್ಸಿನ ದ್ರಾಕ್ಷಿಯ ಮದ್ದು ನಮ್ಮ ಅಡಿಕೆಗೆ ಬಂದ ಬಗೆಯನ್ನೂ ಹೇಳಬೇಕು. ಅದಕ್ಕೆ ಮೊದಲು ಘಟ್ಟದ ಮೇಲೆ ಹಾಳೆಯಿಂದಲೋ ಹುಲ್ಲಿನಿಂದಲೋ ಕೊಟ್ಟೆ ಮಾಡಿ ಕೊನೆಗೆ ಕಟ್ಟುತ್ತಿದ್ದರು. ಮರಮರಕ್ಕೂ ಹತ್ತಿ ಕಟ್ಟುವ, ಮತ್ತೆ ಬಿಚ್ಚುವ ಆ ಶ್ರಮವನ್ನು ಹಿರಿಯರಿಂದ ಕೇಳಿ ಬಲ್ಲೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್, ಮಲೆನಾಡಿನ ಕೊಳೆರೋಗ ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ದ್ರಾಕ್ಷಿ ಎಲೆಗೆ ಬಿಟ್ಟ ಮದ್ದು ಅಲ್ಲಿ ಅಂಟಿಕೊಂಡರೆ ಸಾಕು. ನಮ್ಮಲ್ಲಿ ಅದು ನುಣುಪಾದ ಕಾಯಿಯ ಮೇಲೆ, ಜಡಿಮಳೆಯಲ್ಲಿ, ಆರು ವಾರ ನಿಲ್ಲಬೇಕು. ಆದ್ದರಿಂದ ಮದ್ದಿನ ಬಲಕ್ಕಿಂತ ಅದರ ಅಂಟೇ ಇಲ್ಲಿ ಮುಖ್ಯ ಪ್ರಶ್ನೆಯಾಯಿತು. ರಾಳ ಮತ್ತು ಸೋಡ ಕಾಯಿಸಿ ಬೆರೆಸುವ ಪದ್ಧತಿ ಆ ಹುಡುಕಾಟದ ಫಲ. ಇದೇ ಕೋಲ್ಮನ್ನರ ಕಾಲದಲ್ಲಿ, 1925ರಲ್ಲಿ, ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರವೂ ಆರಂಭವಾಯಿತು. ಕಾಫಿಯ ಎಲೆ ತುಕ್ಕು ರೋಗಕ್ಕೂ ಇದೇ ದ್ರಾವಣ, ಆದರೆ ಅಲ್ಲಿಯ ಹದ ಅರ್ಧ: ಶೇಕಡ 0.5. ಕಾಫಿ, ಅಡಿಕೆ ಎರಡೂ ಇರುವ ಸದಸ್ಯರು ಒಂದೇ ಡ್ರಮ್ಮಿನಿಂದ ಎರಡಕ್ಕೂ ಬಿಡುವುದುಂಟು. ಅದು ಸರಿಯಲ್ಲ.

ಈಗ ನಿಮ್ಮ ತೋಟದ ಮಾತಿಗೆ ಬರುತ್ತೇನೆ. ಪುಸ್ತಕದ ಶಿಫಾರಸು ಎಲ್ಲರಿಗೂ ಒಂದೇ. ಹೊಳೆಯಂಚಿನ ತೋಟ ಬೇರೆ, ಗುಡ್ಡದ ಮಗ್ಗುಲಿನದು ಬೇರೆ. ನಿಮ್ಮ ಹದ ನೀವೇ ಹುಡುಕುವುದು ಹೇಗೆ? ಒಂದು ವರ್ಷ ಒಂದನ್ನು ಬದಲಿಸಿ ನೋಡಿದರಾಯಿತು ಎಂದು ತೋರುತ್ತದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದ ಗಣಿತಜ್ಞ ಫಿಶರ್ ಈ ಕ್ರಮವನ್ನು 1926ರಷ್ಟು ಹಿಂದೆಯೇ ಆಕ್ಷೇಪಿಸಿದ್ದರು. ಕಾರಣ ಒಂದು ಉದಾಹರಣೆಯಿಂದ ತಿಳಿದೀತು.

ಅಂಟು ಹಾಕಬೇಕೇ ಬೇಡವೇ ಎಂಬ ಸಂಶಯ ನಿಮಗಿದೆ ಎನ್ನಿ. ಎರಡನೆಯ ಮದ್ದು 30 ದಿನಕ್ಕೋ 45 ದಿನಕ್ಕೋ ಎಂಬುದು ಇನ್ನೊಂದು ಸಂಶಯ. ನೀವು 30 ದಿನಕ್ಕೇ ಮದ್ದು ಬಿಡುವವರಾಗಿ ಅಂಟನ್ನು ಮಾತ್ರ ಪರೀಕ್ಷಿಸಿದರೆ, ಮದ್ದು ತೊಳೆದುಹೋಗುವ ಮೊದಲೇ ಇನ್ನೊಂದು ಬಿದ್ದಿರುವುದರಿಂದ ಅಂಟು ಹಾಕಿದರೂ ಬಿಟ್ಟರೂ ವ್ಯತ್ಯಾಸ ಕಾಣಲಿಕ್ಕಿಲ್ಲ. 'ಅಂಟು ದಂಡ' ಎಂದು ಬರೆದಿಡುತ್ತೀರಿ. ಆದರೆ ಅಂಟಿನ ಉಪಯೋಗ ಕಾಣುವುದೇ ಅಂತರ ದೊಡ್ಡದಾದಾಗ. ಅಂಟು ಹಾಕಿ 45 ದಿನ ತಡೆದರೆ ಒಂದು ಸಲ ಮರ ಹತ್ತುವ ಕೂಲಿ ಉಳಿಯಬಹುದು, ಇಂದು ಆಳಿನ ಕೂಲಿಯ ಮುಂದೆ ರಾಳದ ಬೆಲೆ ಏನೂ ಅಲ್ಲ. ಒಂದರ ಫಲ ಇನ್ನೊಂದನ್ನು ಅವಲಂಬಿಸಿದಲ್ಲಿ ಒಂದೊಂದಾಗಿ ಕೇಳಿದರೆ ಸಿಗುವ ಉತ್ತರ ತಪ್ಪಾಗಿರುತ್ತದೆ. ಎರಡನ್ನೂ ಒಟ್ಟಿಗೆ ಕೇಳಬೇಕು.

ಅದಕ್ಕೆ ನಾಲ್ಕು ತುಂಡು ಸಾಕು: ಅಂಟು ಮತ್ತು 30 ದಿನ, ಅಂಟು ಮತ್ತು 45 ದಿನ, ಅಂಟಿಲ್ಲದೆ 30 ದಿನ, ಅಂಟಿಲ್ಲದೆ 45 ದಿನ. ಒಂದೊಂದಕ್ಕೂ ಹತ್ತು ಹನ್ನೆರಡು ಮರ. ಕಾಂಡಕ್ಕೆ ಬಣ್ಣದ ಗುರುತು. ಯಾವ ತುಂಡಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಇಲ್ಲದಿದ್ದರೆ ನಮಗೆ ಪ್ರೀತಿಯಾದ ಕ್ರಮವನ್ನು ಒಳ್ಳೆಯ ಮರಗಳಿಗೇ ಕೊಡುವ ಚಾಳಿ ಎಲ್ಲರಿಗೂ ಇದೆ, ನನಗೂ ಇದೆ. ಇದೇ ನಾಲ್ಕನ್ನು ತೋಟದ ಇನ್ನೊಂದು ಮೂಲೆಯಲ್ಲೂ ಮಾಡಬೇಕು. ಎರಡೂ ಕಡೆ ಒಂದೇ ಮಾತು ಬಂದರೆ ಮಾತ್ರ ನಂಬುವುದು. ವಾರಕ್ಕೊಮ್ಮೆ ಬುಡದಲ್ಲಿ ಬಿದ್ದ ಕಾಯಿ ಎಣಿಸಿ, ಬರೆದು, ಅವನ್ನು ತೋಟದಿಂದ ಹೊರಗೆ ಒಯ್ದು ಹೂತುಬಿಡಿ.

ಮದ್ದೇ ಬಿಡದ ಸಾಲೊಂದನ್ನು ಹೋಲಿಕೆಗಾಗಿ ಇಡಬೇಡವೇ ಎಂದು ಓದಿದ ಹುಡುಗರು ಕೇಳುತ್ತಾರೆ. ಸಂಶೋಧನಾ ಕೇಂದ್ರದಲ್ಲಿ ಇಡಲಿ. ನಮ್ಮಲ್ಲಿ ಅಂಥ ಸಾಲು ನೆರೆಯವನ ತೋಟಕ್ಕೂ ರೋಗ ಹಂಚುತ್ತದೆ. ರಾಸಾಯನಿಕ ಕಾರ್ಖಾನೆಗಳಿಗಾಗಿ ಜಾರ್ಜ್ ಬಾಕ್ಸ್ ಎಂಬವರು 1957ರಲ್ಲಿ ಸೂಚಿಸಿದ ಉಪಾಯ ನಮಗೆ ಹೆಚ್ಚು ಹೊಂದುತ್ತದೆ. ಉತ್ಪಾದನೆ ನಿಲ್ಲಿಸದೆ, ಈಗ ನಡೆಯುತ್ತಿರುವ ಕ್ರಮದ ಸುತ್ತಮುತ್ತಲೇ ಸಣ್ಣ ಸಣ್ಣ ಬದಲಾವಣೆ ಮಾಡಿ, ಬಾರಿ ಬಾರಿಗೂ ಬರೆದಿಟ್ಟು, ಒಳ್ಳೆಯದು ಕಂಡ ದಿಕ್ಕಿಗೆ ಒಂದು ಹೆಜ್ಜೆ ಸರಿಯುವುದು ಅದರ ಸಾರ. ಕಾರ್ಖಾನೆಗೆ ದಿನವೂ ಹೆಜ್ಜೆ ಇಡಬಹುದು, ನಮಗೆ ಮಳೆಗಾಲಕ್ಕೆ ಒಂದು. ಹೀಗಾಗಿ ನೋಟ್‌ಬುಕ್ಕು ಇಲ್ಲದೆ ಆಗದು. ಮೂರು ವರ್ಷದ ಹಿಂದಿನ ಆಶ್ಲೇಷ ಮಳೆಯಲ್ಲಿ ಏನಾಯಿತು ಎಂಬುದು ನೆನಪಿನಲ್ಲಿ ನಿಲ್ಲುವುದಿಲ್ಲ.

ಕೆಲವು ವಿಷಯಗಳಲ್ಲಿ ಪ್ರಯೋಗದ ಅಗತ್ಯವೇ ಇಲ್ಲ. ಮೊದಲ ಮದ್ದು ಮಳೆ ಹಿಡಿಯುವ ಮೊದಲು. ಅಲ್ಲಿಂದ 40-45 ದಿನಕ್ಕೆ ಎಂದರೆ ಪುನರ್ವಸು ಮುಗಿಯುವ ಹೊತ್ತಿಗೆ ಎರಡನೆಯದು. ಮಳೆ ಎಳೆದುಕೊಂಡು ಹೋದರೆ ಮೂರನೆಯದು. ಮೈಲುತುತ್ತು ಕರಗಿಸಲು ಪ್ಲಾಸ್ಟಿಕ್ ಡ್ರಮ್ಮು, ಕಬ್ಬಿಣದ್ದು ಬೇಡ. ತಿಳಿ ಸುಣ್ಣದ ನೀರಿಗೆ ಮೈಲುತುತ್ತಿನ ನೀರು ಹೊಯ್ಯುತ್ತ ಕದಡಬೇಕೇ ಹೊರತು ತಿರುಗಿಸಿ ಅಲ್ಲ. ಕಲಸಿದ ದಿನವೇ ಮುಗಿಸಬೇಕು. ರಾತ್ರಿ ಕಳೆದರೆ ಕಣ ದಪ್ಪಗಾಗಿ ಅಂಟುವ ಗುಣ ಹೋಗುತ್ತದೆ. ಪ್ರತಿ ಡ್ರಮ್ಮಿಗೂ ಕತ್ತಿ ಅದ್ದಿ ನೋಡುವುದು, ಕೆಂಪಾದರೆ ಇನ್ನಷ್ಟು ಸುಣ್ಣ.

ಒಂದು ಖರ್ಚನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಮೈಲುತುತ್ತಿನ ತೂಕದಲ್ಲಿ ಕಾಲು ಪಾಲು ತಾಮ್ರ. 200 ಲೀಟರಿನ ಒಂದು ಡ್ರಮ್ಮು ಖಾಲಿಯಾದರೆ ಅರ್ಧ ಕಿಲೋ ತಾಮ್ರ ತೋಟಕ್ಕೆ ಸೇರಿತು. ಅದು ಕೊಳೆಯುವ ವಸ್ತುವಲ್ಲ. ಬಹುಪಾಲು ಮಣ್ಣಿನಲ್ಲೇ ಕೂರುತ್ತದೆ, ಹೆಚ್ಚಾದರೆ ಎರೆಹುಳುವಿಗೆ ಕೇಡು. ನೂರು ವರ್ಷಕ್ಕೂ ಮಿಕ್ಕಿ ಮದ್ದು ಕಂಡ ದ್ರಾಕ್ಷಿ ತೋಟಗಳಲ್ಲಿ ಇದು ದೊಡ್ಡ ಚಿಂತೆಯಾಗಿದೆ. ಡ್ರಮ್ಮಿಗೆ 2 ಕಿಲೋ ಸಾಕಾಗುವಲ್ಲಿ 3 ಕಿಲೋ ಹಾಕುವವರು ಮಕ್ಕಳ ಕಾಲದ ಮಣ್ಣಿಗೂ ಅದನ್ನು ಹಾಕುತ್ತಿದ್ದಾರೆ.

ಈ ಮಳೆಗಾಲದಲ್ಲಿ ನಾಲ್ಕು ತುಂಡಿನ ಪ್ರಯೋಗ ಮಾಡಲು ಒಪ್ಪುವ ಸದಸ್ಯರು ಮೇ ತಿಂಗಳ ಮೂರನೆಯ ವಾರದೊಳಗೆ ಕಾರ್ಯಾಲಯದಲ್ಲಿ ಹೆಸರು ಕೊಡಬೇಕಾಗಿ ವಿನಂತಿ. ಬರೆದಿಡುವ ನಮೂನೆಯನ್ನೂ ನೀಲಿ ಲಿಟ್ಮಸ್ ಕಾಗದವನ್ನೂ ಅಲ್ಲಿ ಕೊಡಲಾಗುವುದು. ಹೊಳೆಬದಿಯ ತೋಟದವರು ಇಬ್ಬರಾದರೂ, ಗುಡ್ಡದ ಮಗ್ಗುಲಿನವರು ಇಬ್ಬರಾದರೂ ಬೇಕು. ಕಾಯಿ ಬಿದ್ದ ಲೆಕ್ಕ ಕೆಟ್ಟದಾಗಿ ಬಂತೆಂದು ನಾಚಿ ತಡೆದಿಡಬಾರದು. ನನ್ನದೂ ಒಂದು ನಮೂನೆ ಇರುತ್ತದೆ, ಕೊಯ್ಲು ಮುಗಿದ ಮೇಲೆ ಎಲ್ಲವನ್ನೂ ಇದೇ ಪತ್ರಿಕೆಯಲ್ಲಿ ಹೆಸರಿಲ್ಲದೆ ಅಚ್ಚು ಹಾಕುತ್ತೇವೆ.

— ಕಾರ್ಯದರ್ಶಿ