ಹರಿದ್ರೆಗೆ ಹೊರೆ ಹೆಚ್ಚಿತು

ಹರಿಹರದಲ್ಲಿ ಹರಿಹರೇಶ್ವರನ ದರ್ಶನಕ್ಕೆ ಬಂದವರು ಸಂಗಮವೆಂದು ತುಂಗಭದ್ರೆಗೆ ಕೈಮುಗಿಯುತ್ತಾರೆ. ಅಲ್ಲಿ ಬಂದು ಕೂಡುವ ಪುಟ್ಟ ಹರಿದ್ರಾ ನದಿಯ ತವರು ಚನ್ನಗಿರಿ ಸೀಮೆ ಎಂಬುದು ಹಲವರಿಗೆ ತಿಳಿಯದು. ಚನ್ನಗಿರಿ ಸುತ್ತಲಿನ ಗುಡ್ಡಗಳ ಹಳ್ಳಗಳೆಲ್ಲ ಒಂದಾಗಿ ಸೂಳೆಕೆರೆ ತುಂಬಬೇಕು, ಆಮೇಲೆ ಹರಿದ್ರೆ ಉತ್ತರಕ್ಕೆ ಹೊರಡಬೇಕು.

ಈ ಕೆರೆಗೆ ಏರಿ ಕಟ್ಟಲು ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯನ್ನು ಗುರುತಿಸಿದವರ ಕಣ್ಣು ಎಂಥದ್ದಿರಬೇಕು! ಏರಿಯ ಉದ್ದ ಬರೀ 950 ಅಡಿ. ಅದರ ಹಿಂದೆ ನಿಂತ ನೀರನ್ನು ಸುತ್ತಿ ಬರಲು 40 ಮೈಲಿ ನಡೆಯಬೇಕು ಎಂದು ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಕಟ್ಟಿಸಿದ್ದು ಅರಸುಮಗಳು ಶಾಂತವ್ವ ಎಂಬುದು ಜನರ ಮಾತು. ಶಾಂತಿಸಾಗರವೆಂಬ ಹೆಸರೂ ಬಳಕೆಯಲ್ಲಿದೆ. ಹನ್ನೊಂದು-ಹನ್ನೆರಡನೆಯ ಶತಮಾನದ್ದೆಂದು ಹೇಳುವ ಈ ಏರಿ ಇಷ್ಟು ಮಳೆಗಾಲಗಳ ನೆರೆಗೆ ಎದೆಯೊಡ್ಡಿಯೂ ಗಟ್ಟಿಯಾಗಿ ನಿಂತಿದೆ. ನಮ್ಮ ನಾಡಿನ ಕೆರೆ ಕಟ್ಟುವ ವಿದ್ಯೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗಂತೂ ಕಾಣದು.

ತೂಬಿನಿಂದ ಹೊರಟ ಸಿದ್ಧನ ನಾಲೆ, ಬಸವನ ನಾಲೆಗಳು ಮೊದಲು ಗದ್ದೆಗಳಿಗಷ್ಟೇ ದುಡಿದವು. 1960ರ ದಶಕದಲ್ಲಿ ಭದ್ರಾ ಜಲಾಶಯ ಮುಗಿದು ನಾಲೆಯ ನೀರು ಚನ್ನಗಿರಿ ಕಡೆಗೆ ಹರಿಯಿತು. ಮಳೆಯನ್ನೇ ನೆಚ್ಚಿದ್ದ ಕೆರೆಗೆ ಭದ್ರೆಯ ನಂಟು ಬೆಳೆಯಿತು. ಬಯಲಿನಲ್ಲಿ ಭತ್ತ, ಅಡಿಕೆ ತೋಟಗಳು ಹಬ್ಬಿದವು; ಈಗ ಚನ್ನಗಿರಿ ಎಂದರೆ ಅಡಿಕೆ ಎನ್ನುವಷ್ಟಾಗಿದೆ.

ಆಮೇಲೆ ಬಂದದ್ದು ಕೊಳವೆ. ಚಿತ್ರದುರ್ಗದ ಕೋಟೆಯೊಳಗಿನ ಅಕ್ಕ-ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡಗಳು ಮಳೆಹನಿಯನ್ನು ಕಾಪಿಟ್ಟ ಜಾಣ್ಮೆಗೆ ಹೆಸರಾದವು. ಆ ದುರ್ಗದ ಮನೆಗಳಿಗೇ ಇಂದು ಶಾಂತಿಸಾಗರದಿಂದ ಕುಡಿಯುವ ನೀರು ಹೋಗುತ್ತದೆ. ಬಾಯಾರಿದವರಿಗೆ ನೀರು ಕೊಡಬೇಕಾದದ್ದೇ. ಆದರೆ ಗದ್ದೆ, ತೋಟ, ಪಟ್ಟಣ ಮೂರನ್ನೂ ಸಾಕಬೇಕಾದ ಕೆರೆಯಲ್ಲಿ ಹೂಳು ಕೂರಲು, ಅಂಚಿನ ನೆಲ ಒತ್ತುವರಿಯಾಗಲು ಬಿಡುವುದು ಅನ್ಯಾಯ. ಹೂಳು ತೆಗೆಯುವುದು, ಗಡಿಗೆ ಕಲ್ಲು ನೆಡುವುದು ಒಂದು ಬೇಸಿಗೆಯ ಸಡಗರವಾಗದೆ ವರ್ಷವರ್ಷದ ಕೆಲಸವಾಗಬೇಕು. ಏರಿಯ ಕೆಳಗಿನ ಹರಿದ್ರೆಯಂತೂ ಯಾರ ಲೆಕ್ಕದಲ್ಲೂ ಇಲ್ಲ. ಹರಿಹರದವರೆಗಿನ ಆ ಹರಿವಿಗೂ ಒಂದು ಪಾಲು ಮೀಸಲಿಡಬೇಕೆಂಬುದು ನನ್ನ ಒತ್ತಾಯ.

ನೋಡಹೋಗುವವರು ಮಳೆಗಾಲ ಮುಗಿಯುತ್ತಲೇ ಹೊರಡಿ. ಏರಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೇ ಸಾಗಿ, ಸಿದ್ಧೇಶ್ವರನ ಗುಡಿಗೂ ಹೋಗಿಬನ್ನಿ. ಹನುಮಂತಪ್ಪ ನಾಯಕ ಕಟ್ಟಿಸಿದ ಸಂತೇಬೆನ್ನೂರಿನ ಪುಷ್ಕರಣಿ ಇದೇ ತಾಲ್ಲೂಕಿನಲ್ಲಿದೆ. ಅದನ್ನೂ ಅದೇ ದಿನ ನೋಡಬಹುದು.