ಕೀ ತಿರುಗಿಸಿದರೂ ಏಳದ ಅಂಬಾಸಿಡರ್

ಅಂಬಾಸಿಡರ್ ಕಾರಿನ ಪೆಟ್ರೋಲ್ ಎಂಜಿನ್‌ಗೆ ಕಿಡಿ ಸಿಗಬೇಕಾದರೆ ಎರಡು ಸರ್ಕ್ಯೂಟ್‌ಗಳು ಸರಿಯಿರಬೇಕು. ಮೊದಲನೆಯದು 12 ವೋಲ್ಟಿನದು. ಬ್ಯಾಟರಿಯಿಂದ ಹೊರಟ ಕರೆಂಟು ಕೀ ಸ್ವಿಚ್ ದಾಟಿ ಇಗ್ನಿಷನ್ ಕಾಯಿಲ್‌ಗೆ ಬರುತ್ತದೆ, ಅಲ್ಲಿಂದ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್‌ಗೆ ಹೋಗಿ, ಎಂಜಿನ್ ಮತ್ತು ಬಾಡಿಯ ಲೋಹದ ಮೂಲಕ (ಇದೇ ಅರ್ಥ್) ಬ್ಯಾಟರಿಗೇ ಮರಳುತ್ತದೆ. ಪಾಯಿಂಟ್ ಮುಚ್ಚಿರುವಷ್ಟು ಹೊತ್ತು ಕಾಯಿಲ್‌ನಲ್ಲಿ ಕಾಂತಕ್ಷೇತ್ರ ಬೆಳೆಯುತ್ತದೆ. ಅದು ತೆರೆದ ಕ್ಷಣ ಆ ಕ್ಷೇತ್ರ ಕುಸಿದು, ಎರಡನೆಯ ಸುರುಳಿಯಲ್ಲಿ ಹತ್ತು ಸಾವಿರ ವೋಲ್ಟ್ ಮೀರಿದ ಒತ್ತಡ ಹುಟ್ಟಿ, ರೋಟರ್ ಮತ್ತು ಕ್ಯಾಪ್ ಮೂಲಕ ಪ್ಲಗ್ ಸೇರುತ್ತದೆ. ಇದು ಎರಡನೆಯ ಸರ್ಕ್ಯೂಟ್. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಕ್ಯಾಡಿಲಾಕ್ ಕಾರುಗಳಿಗೆಂದು ರೂಪಿಸಿದ ಈ ಏರ್ಪಾಡು ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಲ್ಲಿಯೂ ಇತ್ತು. ಅದೇ ಕಾರನ್ನು ಹಿಂದೂಸ್ತಾನ್ ಮೋಟರ್ಸ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಎಂಬ ಹೆಸರಿನಲ್ಲಿ 2014ರವರೆಗೆ ತಯಾರಿಸಿತು. ಧರ್ಮಸ್ಥಳದ ಕಾರು ಸಂಗ್ರಹದಂಥ ಕಡೆ ಹಳೆಯ ಕಾರುಗಳನ್ನು ನೋಡಬಹುದು. ಮನೆಯ ಶೆಡ್ಡಿನಲ್ಲಿ ಉಳಿಸಿಕೊಂಡವರ ತಲೆನೋವು ಮಾತ್ರ ಹೆಚ್ಚಾಗಿ ವೈರಿಂಗ್‌ನದೇ.

ಸ್ಟಾರ್ಟ್ ಆಗದ ಗಾಡಿಗೆ ಮೊದಲು ಕಾಯಿಲ್, ಆಮೇಲೆ ಕಂಡೆನ್ಸರ್, ಕೊನೆಗೆ ಪ್ಲಗ್ ಬದಲಿಸುವುದು ಗ್ಯಾರೇಜುಗಳ ವಾಡಿಕೆ. ಇದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಗೆ ವ್ಯಾಪಾರವಾಗುತ್ತದೆ, ದೋಷ ಮಾತ್ರ ಎಷ್ಟೋ ಸಲ ಇದ್ದಲ್ಲೇ ಇರುತ್ತದೆ. ಹಳೆಯ ವೈರಿಂಗ್‌ನಲ್ಲಿ ಕೆಡುವುದು ಬಿಡಿಭಾಗಕ್ಕಿಂತ ಹೆಚ್ಚಾಗಿ ಜೋಡಣೆ: ತುಕ್ಕು ಹಿಡಿದ ಟರ್ಮಿನಲ್, ಸಡಿಲ ಸ್ಕ್ರೂ, ಬಣ್ಣ ಬಳಿದ ಲೋಹದ ಮೇಲೆ ಬಿಗಿದ ಅರ್ಥ್ ವೈರು.

ಆದ್ದರಿಂದ ಪರೀಕ್ಷೆ ಬ್ಯಾಟರಿಯಿಂದಲೇ ಶುರುವಾಗಬೇಕು. ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು 10ರ ಆಸುಪಾಸಿಗೆ ಇಳಿದರೆ ಚಿಂತೆಯಿಲ್ಲ, 9ಕ್ಕಿಂತ ಕೆಳಗೆ ಹೋದರೆ ಬ್ಯಾಟರಿಯನ್ನೇ ಶಂಕಿಸಬೇಕು. ಬ್ಯಾಟರಿ ಗಟ್ಟಿಯಾಗಿದ್ದೂ ಸೆಲ್ಫ್ ತಿಣುಕಿದರೆ, ಎಂಜಿನ್ನಿನಿಂದ ಬಾಡಿಗೆ ಬರುವ ಹೆಣೆದ ತಾಮ್ರದ ಪಟ್ಟಿಯನ್ನು ನೋಡಬೇಕು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಕರೆಂಟು ಮರಳಲು ಅದೇ ಮುಖ್ಯ ದಾರಿ. ಅದು ಕಳಚಿದ್ದರೆ ಕರೆಂಟು ಆಕ್ಸಿಲರೇಟರ್ ಅಥವಾ ಚೋಕ್ ಕೇಬಲ್ ಹಿಡಿದು ಹೋಗುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾಗುವ ವಿಚಿತ್ರಕ್ಕೆ ಕಾರಣ ಇದೇ.

ಮುಂದಿನದು ಕಾಯಿಲ್. ಲೂಕಾಸ್ ಕಂಪನಿಯ ಹಳೆಯ ಕಾಯಿಲ್ ತಲೆಯ ಮೇಲೆ ಎಸ್‌ಡಬ್ಲ್ಯು, ಸಿಬಿ ಎಂಬ ಗುರುತಿನ ಎರಡು ಟರ್ಮಿನಲ್‌ಗಳಿರುತ್ತವೆ. ಸ್ವಿಚ್‌ನಿಂದ ಬಂದ ಬಿಳಿ ವೈರು ಮೊದಲನೆಯದಕ್ಕೆ, ಪಾಯಿಂಟ್‌ಗೆ ಹೋಗುವ ವೈರು ಎರಡನೆಯದಕ್ಕೆ. ಕೀ ಆನ್ ಮಾಡಿ ಸಿಬಿ ಟರ್ಮಿನಲ್‌ಗೂ ಬಾಡಿಗೂ ನಡುವೆ ಮೀಟರ್ ಹಿಡಿದರೆ, ಪಾಯಿಂಟ್ ತೆರೆದಿರುವಾಗ 12 ವೋಲ್ಟ್, ಮುಚ್ಚಿರುವಾಗ ಹತ್ತಿರ ಹತ್ತಿರ ಸೊನ್ನೆ ಬರಬೇಕು. ಮುಚ್ಚಿದಾಗಲೂ 12 ತೋರಿಸಿದರೆ ಕರೆಂಟು ಅರ್ಥ್ ಮುಟ್ಟುತ್ತಿಲ್ಲ. ಪಾಯಿಂಟ್ ಮೇಲೆ ಎಣ್ಣೆ ಕುಳಿತಿರಬಹುದು, ಇಲ್ಲವೇ ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ವೈರು ತುಂಡಾಗಿರಬಹುದು. ಕಿಡಿಯ ಸಮಯ ಹೊಂದಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಎಳೆದಾಗಲೆಲ್ಲ ಪಾಯಿಂಟ್ ತಟ್ಟೆ ಅತ್ತಿತ್ತ ತಿರುಗುತ್ತದೆ, ಜತೆಗೆ ಆ ವೈರೂ ಬಾಗುತ್ತದೆ. ವರ್ಷಗಟ್ಟಲೆ ಹೀಗೆ ಬಾಗಿ ಒಳಗಿನ ತಾಮ್ರದ ಎಳೆಗಳು ಕಡಿದಿದ್ದರೂ ಹೊರಗಿನ ಕವಚ ನೆಟ್ಟಗೇ ಕಾಣುತ್ತದೆ. ಮೆಲ್ಲಗೆ ಎಳೆದರೆ ರಬ್ಬರಿನಂತೆ ಹಿಗ್ಗುವುದೇ ಅದರ ಲಕ್ಷಣ.

ಪಾಯಿಂಟ್ ತೆರೆದಾಗಲೂ ಸೊನ್ನೆಯೇ ಬಂದರೆ, ಮೊದಲು ಎಸ್‌ಡಬ್ಲ್ಯುನಲ್ಲಿ ಕರೆಂಟು ಇದೆಯೇ ಎಂದು ನೋಡಿಕೊಳ್ಳಬೇಕು. ಅಲ್ಲಿ ಇದ್ದು ಸಿಬಿಯಲ್ಲಿ ಇಲ್ಲವೆಂದರೆ ಎಲ್ಲೋ ಶಾರ್ಟ್ ಆಗಿದೆ, ಅಥವಾ ಕಾಯಿಲ್ಲಿನ ಸುರುಳಿಯೇ ಕಡಿದಿದೆ. ಹೊಸ ಪಾಯಿಂಟ್ ಹಾಕಿದ ಮರುಗಳಿಗೆಯಲ್ಲೇ ಗಾಡಿ ಸತ್ತರೆ ಕಾರಣ ಬಹುಪಾಲು ಒಂದೇ: ಸ್ಪ್ರಿಂಗ್ ಕೂರುವ ಪುಟ್ಟ ನಿರೋಧಕ ಬುಷ್ ಸ್ಥಳ ತಪ್ಪಿ, ವೈರಿನ ತುದಿ ನೇರ ತಟ್ಟೆಗೆ ತಾಗಿರುತ್ತದೆ. ಈ ಎಂಜಿನ್ನಿಗೆ ಪಾಯಿಂಟ್ ಅಂತರ ಇಂಚಿನ ಸಾವಿರದಲ್ಲಿ 14ರಿಂದ 16 ಭಾಗ, ಅಂದರೆ ಸುಮಾರು 0.4 ಮಿಲಿಮೀಟರ್.

ಮೀಟರ್ ಸುಳ್ಳು ಹೇಳುವ ಜಾಗವೂ ಇಲ್ಲೇ. ಪಾಯಿಂಟ್ ತೆರೆದಿರುವಾಗ ಕರೆಂಟು ಹರಿಯುವುದಿಲ್ಲ, ಹಾಗಾಗಿ ನಡುವಿನ ಜೋಡಣೆ ಎಷ್ಟೇ ಕೆಟ್ಟಿದ್ದರೂ ಕಾಯಿಲ್‌ನಲ್ಲಿ ಪೂರ್ತಿ 12 ವೋಲ್ಟ್ ಕಾಣುತ್ತದೆ. ಕಾಯಿಲ್ಲಿನ ರೋಧ ಸುಮಾರು 3 ಓಮ್. ಕೀ ಸ್ವಿಚ್ಚಿನಲ್ಲಿ ಅರ್ಧ ಓಮ್ ರೋಧ ಸೇರಿಕೊಂಡರೆ, ಪಾಯಿಂಟ್ ಮುಚ್ಚಿದ ಕೂಡಲೇ ಅದೊಂದೇ 1.7 ವೋಲ್ಟ್ ನುಂಗುತ್ತದೆ, ಕಾಯಿಲ್‌ಗೆ ಉಳಿಯುವುದು 10.3. ಸೆಲ್ಫ್ ಬ್ಯಾಟರಿಯನ್ನು ಹಿಂಡುತ್ತಿರುವಾಗ ಇನ್ನೂ ಕಡಿಮೆ. ನೆಗೆಟಿವ್ ಅರ್ಥ್ ಇರುವ, ಅಂದರೆ ಬ್ಯಾಟರಿಯ ನೆಗೆಟಿವ್ ತುದಿ ಬಾಡಿಗೆ ಸೇರಿರುವ ಗಾಡಿಯಲ್ಲಿ ಪಾಯಿಂಟ್ ಮುಚ್ಚಿಟ್ಟು, ಬ್ಯಾಟರಿಯ ಪಾಸಿಟಿವ್‌ಗೂ ಕಾಯಿಲ್ಲಿನ ಎಸ್‌ಡಬ್ಲ್ಯುಗೂ ನಡುವೆ ಅಳೆದರೆ ಈ ನಷ್ಟ ನೇರವಾಗಿ ಸಿಗುತ್ತದೆ. ಅರ್ಧ ವೋಲ್ಟ್ ದಾಟಿದರೆ ಪ್ರತಿ ಜೋಡಣೆಯನ್ನೂ ಹೀಗೇ ಅಳೆಯುತ್ತ ಹೋಗಬೇಕು. ಕೀಯನ್ನು ಹೆಚ್ಚು ಹೊತ್ತು ಆನ್ ಇಟ್ಟರೆ ಕಾಯಿಲ್ ಕಾಯುತ್ತದೆ, ಚಕಚಕನೆ ಮುಗಿಸುವುದು ಲೇಸು.

12 ವೋಲ್ಟಿನ ಕಡೆ ಎಲ್ಲ ಸರಿಯಿದ್ದರೆ ಮಾತ್ರ ಹೈ ಟೆನ್ಷನ್ ಕಡೆಗೆ. ಅಲ್ಲಿ ಹೆಚ್ಚು ಹುಡುಕಾಟವಿಲ್ಲ. ಕಾಯಿಲ್ಲಿನ ದಪ್ಪ ವೈರಿನ ತುದಿಯನ್ನು ನಿರೋಧಕ ಹಿಡಿಕೆಯ ಇಕ್ಕಳದಿಂದ ಎಂಜಿನ್ನಿಗೆ 6 ಮಿಲಿಮೀಟರ್ ದೂರ ಹಿಡಿದು ಸೆಲ್ಫ್ ಹೊಡೆದಾಗ ನೀಲಿ ಕಿಡಿ ಹಾರಬೇಕು. ಇಲ್ಲಿ ಕಿಡಿಯಿದ್ದು ಪ್ಲಗ್ಗಿನಲ್ಲಿ ಇಲ್ಲವೆಂದರೆ ತಪ್ಪು ಬಹುಪಾಲು ರೋಟರ್ ಅಥವಾ ಕ್ಯಾಪಿನದು. ಮಲೆನಾಡಿನ ಮಳೆಗಾಲದಲ್ಲಿ ಕ್ಯಾಪ್ ಒಳಗೆ ತೇವ ಕೂತು, ಕಿಡಿ ಓಡಿದ ದಾರಿ ಕಪ್ಪು ಗೆರೆಯಾಗಿ ಉಳಿದುಬಿಡುತ್ತದೆ. ಪಾಯಿಂಟ್ ಬೇಗ ಬೇಗ ಸುಟ್ಟು, ಕಿಡಿ ಹಳದಿಯಾಗಿ ಸೊರಗಿದ್ದರೆ ಆಗ ಕಂಡೆನ್ಸರ್ ಬದಲಿಸಬಹುದು.

ಉಳಿದ ಸಲಕರಣೆಗಳ ಕಥೆ ಹೆಚ್ಚು ಗೋಜಲು. ಲೂಕಾಸ್ ಪದ್ಧತಿಯಲ್ಲಿ ಕಂದು ವೈರು ಬ್ಯಾಟರಿಯದು, ಬಿಳಿ ಕೀ ದಾಟಿದ್ದು, ಹಸಿರು ಕೀ ದಾಟಿ ಫ್ಯೂಸ್ ಕೂಡ ದಾಟಿದ್ದು, ಕಪ್ಪು ಅರ್ಥ್. ವೈಪರ್, ಇಂಡಿಕೇಟರ್, ಪೆಟ್ರೋಲ್ ಮಾಪಕ ಮೂರೂ ಒಟ್ಟಿಗೆ ನಿಂತರೆ ಹಸಿರಿನ ಫ್ಯೂಸ್ ನೋಡಿದರೆ ಸಾಕು. ಬಿಳಿ ವೈರಿಗೆ ಫ್ಯೂಸ್ ಇಲ್ಲ ಎಂಬುದೇ ಅಪಾಯದ ವಿಷಯ. ಸ್ಟೀರಿಯೊ, ಫ್ಯಾನ್, ಫಾಗ್ ಲ್ಯಾಂಪುಗಳನ್ನು ಅನುಕೂಲಕ್ಕೆಂದು ಆ ಬಿಳಿ ವೈರಿಗೇ ಸಿಕ್ಕಿಸಿರುತ್ತಾರೆ. ಕೀ ಸ್ವಿಚ್ ಬಿಸಿಯಾಗಿ ರೋಧ ಏರಿ, ಏಟು ಬೀಳುವುದು ಕಾಯಿಲ್‌ಗೆ. ಇಂಥವಕ್ಕೆ ಬ್ಯಾಟರಿಯಿಂದಲೇ ಬೇರೆ ಫ್ಯೂಸ್, ಬೇರೆ ರಿಲೇ ಕೊಟ್ಟು, ಕೀ ವೈರಿನಿಂದ ರಿಲೇಯನ್ನು ಮಾತ್ರ ಎಬ್ಬಿಸಬೇಕು. ಸ್ಟೀರಿಯೊಗೆ ಬರುವ ಸದಾ ಕರೆಂಟಿನ ವೈರು ಮತ್ತು ಕೀ ಕರೆಂಟಿನ ವೈರು ಎರಡನ್ನೂ ಸೇರಿಸಿ ಸುತ್ತಿದ್ದರೆ, ಕೀ ತೆಗೆದರೂ ಎಂಜಿನ್ ನಿಲ್ಲದು. ಕಾಯಿಲ್‌ಗೆ ಹಿಂಬಾಗಿಲಿಂದ ಕರೆಂಟು ಹೋಗುತ್ತಿರುತ್ತದೆ.

ಹಾರ್ನ್ ತಾನಾಗಿ ಕೂಗತೊಡಗಿದರೆ ಸ್ಟೀರಿಂಗ್ ಕಾಲಂ ಒಳಗೆ ವೈರು ಸವೆದು ಲೋಹಕ್ಕೆ ತಾಗಿದೆ ಎಂದು ಅರ್ಥ, ಏಕೆಂದರೆ ಗುಂಡಿ ಮಾಡುವ ಕೆಲಸವೂ ಅರ್ಥ್‌ಗೆ ತಾಗಿಸುವುದೇ. ಇಂಡಿಕೇಟರ್ ಹಾಕಿದಾಗ ಹಿಂದಿನ ಕೆಂಪು ದೀಪವೂ ಮಿನುಗಿದರೆ ಆ ದೀಪದ ಬುಡದ ಅರ್ಥ್ ಉಜ್ಜಿ ಬಿಗಿಯಬೇಕು. ಬ್ರಿಟಿಷ್ ವಿನ್ಯಾಸದ ಹಳೆಯ ಗಾಡಿಗಳಲ್ಲಿ 1960ರ ದಶಕದವರೆಗೂ ಪಾಸಿಟಿವ್ ಅರ್ಥ್ ರೂಢಿಯಲ್ಲಿತ್ತು. ಅದನ್ನು ನೋಡದೆ ಈಗಿನ ಸ್ಟೀರಿಯೊ ಜೋಡಿಸಿದರೆ ಅದು ಸುಡುತ್ತದೆ.

ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಿಗ್ಗೆ ಖಾಲಿಯಾಗಿದ್ದರೆ, ಎಲ್ಲವನ್ನೂ ಆಫ್ ಮಾಡಿ, ಬ್ಯಾಟರಿಯ ಒಂದು ತುದಿ ಕಳಚಿ ನಡುವೆ ಆಂಪಿಯರ್ ಮೀಟರ್ ಸೇರಿಸಬೇಕು. ಗಡಿಯಾರವಾಗಲಿ ಸ್ಟೀರಿಯೊ ಆಗಲಿ ಇಲ್ಲದ ಹಳೆಯ ಗಾಡಿಯಲ್ಲಿ ಅದು ಸೊನ್ನೆಯ ಬಳಿ ಇರಬೇಕು. ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತ ಹೋದಾಗ ಯಾವುದಕ್ಕೆ ಮುಳ್ಳು ಇಳಿಯುತ್ತದೋ ಆ ಸಾಲಿನಲ್ಲಿ ಸೋರಿಕೆ. ಎಲ್ಲ ಫ್ಯೂಸ್ ತೆಗೆದರೂ ಇಳಿಯದಿದ್ದರೆ ಡೈನಮೊ ಇರುವ ಗಾಡಿಗಳಲ್ಲಿ ಅದನ್ನು ಬ್ಯಾಟರಿಗೆ ಜೋಡಿಸಿ ಬೇರ್ಪಡಿಸುವ ಕಟೌಟ್ ಅನ್ನು ಶಂಕಿಸಬೇಕು. ಅದರ ಪಾಯಿಂಟ್ ಅಂಟಿಕೊಂಡರೆ ಬ್ಯಾಟರಿಯ ಕರೆಂಟು ಹಿಮ್ಮುಖವಾಗಿ ನಿಂತ ಡೈನಮೊಗೆ ನುಗ್ಗಿ ಅದರ ಸುರುಳಿಯನ್ನು ಸುಡುತ್ತದೆ. ಈ ಸಾಲಿಗೂ ಫ್ಯೂಸ್ ಇರುವುದಿಲ್ಲ. ಹಾಗಾಗಿ ಮೀಟರ್ ಓದುತ್ತ ಕೂರದೆ ಮೊದಲು ಬ್ಯಾಟರಿಯ ತುದಿ ಬೇರ್ಪಡಿಸಿ, ಆಮೇಲೆ ಕಟೌಟ್‌ನ ಮುಚ್ಚಳ ತೆಗೆಯಬೇಕು.