ಯಾರಿಗೆ ಮೊದಲು ಲಸಿಕೆ?

ಸಾನಮಾವಿನಂತಹ ಗಡಿಯೂರಿನ ಮಕ್ಕಳು ಒಂದೇ ವ್ಯಾಧಿಯ ಹೆಸರನ್ನು ಮೂರು ಭಾಷೆಗಳಲ್ಲಿ ಕೇಳುತ್ತಾರೆ: ಕನ್ನಡದಲ್ಲಿ ಕಾಮಾಲೆ, ತಮಿಳಿನಲ್ಲಿ ಮಂಜಳ್ ಕಾಮಾಲೈ, ತೆಲುಗಿನಲ್ಲಿ ಪಚ್ಚಕಾಮೆರ್ಲು. ಜನರು ಈ ಹೆಸರುಗಳಿಂದ ಗುರುತಿಸುವುದು ಕಣ್ಣು, ಚರ್ಮಗಳ ಹಳದಿ ಬಣ್ಣವನ್ನು. ಅದು ರೋಗದ ಲಕ್ಷಣವೇ ಹೊರತು ರೋಗವಲ್ಲ. ಯಕೃತ್ತಿನಲ್ಲಿ ಉರಿಯೂತವನ್ನುಂಟುಮಾಡುವ ಹೆಪಟೈಟಿಸ್ ವೈರಸ್‌ಗಳಲ್ಲಿ ಎ, ಬಿ, ಸಿ, ಡಿ, ಇ ಎಂಬ ಐದು ಮುಖ್ಯವಾದವು. ಎ ಮತ್ತು ಇ ಮಲದಿಂದ ಕಲುಷಿತವಾದ ನೀರು, ಆಹಾರಗಳ ಮೂಲಕ ಹರಡುತ್ತವೆ. ಉಳಿದವು ಮುಖ್ಯವಾಗಿ ರಕ್ತ ಹಾಗೂ ದೇಹದ್ರವಗಳ ಮೂಲಕ. ಈ ಭೇದವನ್ನು ತಿಳಿಸದೆ ಲಸಿಕೆಯ ಪಾಠವನ್ನು ಆರಂಭಿಸಿದರೆ ಮಕ್ಕಳಿಗೆ ಗೊಂದಲವೇ ಉಳಿಯುತ್ತದೆ.

ನಗರವೊಂದರಲ್ಲಿ ಹಬ್ಬಿದ ಹೆಪಟೈಟಿಸ್ ಎ ರೋಗವನ್ನು ಲಸಿಕೆಯಿಂದ ಹತೋಟಿಗೆ ತಂದುದಕ್ಕೆ ಅಮೆರಿಕದ ಸ್ಯಾನ್ ಡಿಯಾಗೊ ಒಳ್ಳೆಯ ನಿದರ್ಶನ. 2016ರ ಕೊನೆಯ ಭಾಗದಲ್ಲಿ ಅಲ್ಲಿ ತಲೆದೋರಿದ ಸೋಂಕು 592 ಮಂದಿಯನ್ನು ತಾಗಿತು. 20 ಮಂದಿ ಮೃತಪಟ್ಟರು. ಇಂತಹ ಸಂದರ್ಭಗಳಲ್ಲಿ ಅಧಿಕಾರಿಗಳು ಮೊದಲು ಒಂದು ಬಾವಿಯನ್ನೋ ಹೋಟೆಲನ್ನೋ ಔತಣವನ್ನೋ ಹುಡುಕುತ್ತಾರೆ. ಅಲ್ಲಿ ಅಂತಹ ಸಮಾನ ಮೂಲ ದೊರೆಯಲಿಲ್ಲ. ಮನೆಯಿಲ್ಲದೆ ಬೀದಿಯಲ್ಲಿ ಬದುಕುವವರು, ಮಾದಕವಸ್ತುಗಳಿಗೆ ಒಳಗಾದವರು—ಇವರ ನಡುವೆ ರೋಗವು ಒಬ್ಬರಿಂದೊಬ್ಬರಿಗೆ ದಾಟುತ್ತಿತ್ತು. ಅವರಿಗೆ ಸಾಕಷ್ಟು ಶೌಚಾಲಯಗಳಿರಲಿಲ್ಲ, ಕೈತೊಳೆಯುವ ಅನುಕೂಲವಿರಲಿಲ್ಲ. ಶ್ರೀಮಂತ ದೇಶದ ನಗರವೆಂಬುದು ಅವರ ಕೈಗೆ ನೀರನ್ನು ತಂದುಕೊಡಲಿಲ್ಲ.

ರೋಗಿಗಳನ್ನು ಬೇರೆ ಇರಿಸಿದರೆ ಸಾಲದೆ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ವೈರಸ್ ದೇಹವನ್ನು ಸೇರಿದ ಮೇಲೆ ಲಕ್ಷಣಗಳು ಕಾಣಿಸಿಕೊಳ್ಳಲು 15ರಿಂದ 50 ದಿನಗಳು, ಸರಾಸರಿ 28 ದಿನಗಳು ಬೇಕು. ಕಣ್ಣು ಹಳದಿಯಾಗುವುದಕ್ಕೆ ಮುಂಚಿನ ಒಂದೆರಡು ವಾರಗಳಲ್ಲಿಯೇ ಮಲದಲ್ಲಿ ವೈರಸ್ ಅತ್ಯಧಿಕವಾಗಿರುತ್ತದೆ. ಅಂದರೆ ರೋಗಿಯನ್ನು ಗುರುತಿಸುವ ಹೊತ್ತಿಗೆ ಸೋಂಕು ಮುಂದಿನವರನ್ನು ತಲಪಿರುತ್ತದೆ. ಇದೇ ದೀರ್ಘ ಅವಧಿ ಲಸಿಕೆಗೆ ಅನುಕೂಲವೂ ಆಗುತ್ತದೆ. ಸೋಂಕಿಗೆ ಒಡ್ಡಿಕೊಂಡ ಎರಡು ವಾರಗಳೊಳಗೆ ಲಸಿಕೆ ಪಡೆದರೂ, ರೋಗ ಬಲಿಯುವ ಮುನ್ನವೇ ದೇಹದಲ್ಲಿ ಪ್ರತಿಕಾಯಗಳು ಸಿದ್ಧವಾಗಿ ಬಹುತೇಕರು ಪಾರಾಗುತ್ತಾರೆ. ಆದುದರಿಂದ ಊರಿಗೆಲ್ಲ ಸಮನಾಗಿ ಹಂಚುವ ಬದಲು, ಸರಪಳಿಯ ಮುಂದಿನ ಕೊಂಡಿಯಾಗಬಲ್ಲವರಿಗೆ ಮೊದಲು ಲಸಿಕೆ ನೀಡಲಾಯಿತು.

ಆದರೆ ಅಂತಹವರು ಆಸ್ಪತ್ರೆಯ ಸಾಲಿನಲ್ಲಿ ಬಂದು ನಿಲ್ಲುವವರಲ್ಲ. ದಾದಿಯರು ಲಸಿಕೆಯ ಪೆಟ್ಟಿಗೆ ಹಿಡಿದು ಬೀದಿ, ಸೇತುವೆ, ನದೀತೀರಗಳಿಗೆ ನಡೆದುಹೋದರು. ಸೆರೆಮನೆ ಮತ್ತು ಆಶ್ರಯಧಾಮಗಳಲ್ಲಿಯೂ ಲಸಿಕೆ ಹಾಕಲಾಯಿತು. 2017ರ ಸೆಪ್ಟೆಂಬರ್ 1ರಂದು ಆರೋಗ್ಯ ತುರ್ತುಪರಿಸ್ಥಿತಿ ಘೋಷಣೆಯಾದ ಬಳಿಕ ಕೈತೊಳೆಯುವ ತೊಟ್ಟಿಗಳು ಬೀದಿಗೆ ಬಂದವು, ರಸ್ತೆಗಳನ್ನು ಕ್ಲೋರಿನ್ ದ್ರಾವಣದಿಂದ ತೊಳೆದರು. ಲಕ್ಷಕ್ಕೂ ಹೆಚ್ಚು ಮಂದಿಗೆ ಲಸಿಕೆ ತಲಪಿ, 2018ರ ಜನವರಿಯಲ್ಲಿ ತುರ್ತುಪರಿಸ್ಥಿತಿ ಕೊನೆಗೊಂಡಿತು. ಲಸಿಕೆಯಷ್ಟೇ ಮಹತ್ವ ಆ ನಡಿಗೆಗೂ ಉಂಟೆಂದು ಹೇಳಬೇಕು.

ಎಲ್ಲ ಕಾಮಾಲೆಗೂ ಈ ಉಪಾಯ ನಡೆಯದು. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿಯ ನೀರು ಸೇರಿ ಸುಮಾರು 29,000 ಮಂದಿ ಕಾಮಾಲೆಗೆ ತುತ್ತಾದರು. ಅದು ಹೆಪಟೈಟಿಸ್ ಇ ಎಂಬುದು ಬಹುಕಾಲದ ನಂತರ, ಸಂಗ್ರಹಿಸಿಟ್ಟ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ ತಿಳಿಯಿತು. ಎ ಲಸಿಕೆ ಇ ವೈರಸನ್ನು ತಡೆಯುವುದಿಲ್ಲ. ಅಲ್ಲಿ ದುರಸ್ತಿಯಾಗಬೇಕಾದುದು ನೀರಿನ ವ್ಯವಸ್ಥೆ.

ನಮ್ಮ ಮನೆಗಳಲ್ಲಿ ಕಾಮಾಲೆಗೆ ನೆಲನೆಲ್ಲಿಯ ರಸ ಕೊಡುವುದುಂಟು. ಹೆಪಟೈಟಿಸ್ ಎ ಬಹುಮಟ್ಟಿಗೆ ತಾನಾಗಿಯೇ ಗುಣವಾಗುವುದರಿಂದ ಕೀರ್ತಿ ಸೊಪ್ಪಿಗೆ ಸಲ್ಲುತ್ತದೆ. ಇದನ್ನು ಹಳಿಯದೆ ವಿವರಿಸುವುದು ಲೇಸು. ಆರು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚಿನವರಿಗೆ ಎ ಸೋಂಕಿದ್ದರೂ ಕಣ್ಣು ಹಳದಿಯಾಗುವುದಿಲ್ಲ. ಅಂತಹ ಮಗುವಿನಿಂದ ಮನೆಯ ಹಿರಿಯರಿಗೆ ಸೋಂಕು ತಗಲಿದರೆ ಅದು ತೀವ್ರವಾಗಬಹುದು. ಶೌಚದ ನಂತರ ಸಾಬೂನಿನಿಂದ ಕೈತೊಳೆಯಿರೆಂದು ಹೇಳುವಾಗ ಈ ಕಾರಣವನ್ನೂ ತಿಳಿಸಬಹುದು.

ನಮಗೂ ಈ ಲಸಿಕೆ ಹಾಕಿದ್ದಾರೆಯೇ ಎಂದು ಮಕ್ಕಳು ಕೇಳಿದರೆ, ಅವರ ಲಸಿಕಾ ಚೀಟಿಯನ್ನು ತರಿಸಿ ತೋರಿಸಬಹುದು. ಹೆಪಟೈಟಿಸ್ ಬಿ ಲಸಿಕೆ ಹುಟ್ಟಿದೊಡನೆ ಒಮ್ಮೆ, ಅನಂತರ 6, 10, 14ನೆಯ ವಾರಗಳಲ್ಲಿ ಪಂಚರೋಗ ಲಸಿಕೆಯೊಳಗೆ ಸೇರಿರುತ್ತದೆ. ಆ ಪಂಚರೋಗ ಲಸಿಕೆಯನ್ನು 2011ರ ಡಿಸೆಂಬರಿನಲ್ಲಿ ದೇಶದಲ್ಲಿ ಮೊದಲು ಜಾರಿಗೆ ತಂದ ರಾಜ್ಯಗಳು ತಮಿಳುನಾಡು ಮತ್ತು ಕೇರಳ. ಹೆಪಟೈಟಿಸ್ ಎ ಲಸಿಕೆ ರಾಷ್ಟ್ರೀಯ ಲಸಿಕಾ ಪಟ್ಟಿಯಲ್ಲಿ ಇಲ್ಲ.